ಕ್ಯಾಮೆರಾ ಇಳಿಸಿ ಕೂತಾಗ

ಟಿವಿ ವರದಿಗಾರಿಕೆಯಲ್ಲಿ ನನಗೆ ಬಹಳ ಇಷ್ಟವಾದ ಕೆಲಸವೆಂದರೆ ಟ್ರೈಪಾಡಿನ ಎತ್ತರ ಗೊತ್ತುಮಾಡುವುದು. ಮೈಕ್ ಹಿಡಿದು ಕ್ಯಾಮೆರಾ ನೋಡಿ ಮಾತಾಡುವುದಕ್ಕಿಂತ, ಸ್ಟುಡಿಯೋದ ಬೆಳಕಲ್ಲಿ ಕೂರುವುದಕ್ಕಿಂತ ಅದೇ ನನಗೆ ಹಿತ. ಆರೋಗ್ಯದ ಸುದ್ದಿಗೆ ಹೋದಲ್ಲಿ ಎದುರಿಗಿರುವವರು ಹೆಚ್ಚಾಗಿ ಮಲಗಿರುತ್ತಾರೆ, ಇಲ್ಲವೇ ಜಗಲಿಯ ಕಂಬಕ್ಕೆ ಒರಗಿರುತ್ತಾರೆ. ನಾವು ನಿಂತ ನಿಲುವಿನಲ್ಲೇ ಚಿತ್ರ ತೆಗೆದರೆ ಅವರು ಕುಗ್ಗಿ ಕಾಣುತ್ತಾರೆ. ಟ್ರೈಪಾಡಿನ ಕಾಲು ಮಡಚಿ, ನಾವೂ ನೆಲಕ್ಕೆ ಕೂತು, ಲೆನ್ಸನ್ನು ಅವರ ಕಣ್ಣಿನ ಮಟ್ಟಕ್ಕೆ ತಂದೆವೆನ್ನಿ, ಅದೇ ಮನುಷ್ಯ ತನ್ನ ಮನೆಗೆ ಬಂದ ನೆಂಟರೊಡನೆ ಮಾತಾಡುವಂತೆ ಮಾತಾಡುತ್ತಾನೆ. ಆ ಬದಲಾವಣೆಯನ್ನು ವ್ಯೂಫೈಂಡರಿನಲ್ಲಿ ನೋಡುವುದೇ ಒಂದು ಸುಖ.

ಸಾಗರ ತಾಲ್ಲೂಕಿನ ಹಂದಿಗೋಡು ಕಾಯಿಲೆಯ ಸುದ್ದಿಗೆ ಹೋದವರಿಗೆ ಈ ಎತ್ತರದ ಮಹತ್ವ ಬೇಗ ತಿಳಿಯುತ್ತದೆ. 1970ರ ದಶಕದ ಮಧ್ಯದಲ್ಲಿ ಬೆಳಕಿಗೆ ಬಂದ ಈ ಕಾಯಿಲೆ ಸೊಂಟ, ಮಂಡಿಗಳ ಕೀಲನ್ನು ಹಾಳುಮಾಡುತ್ತದೆ. ಕೆಲವರು ಗಿಡ್ಡವಾಗಿಯೇ ಉಳಿಯುತ್ತಾರೆ. ಹೆಚ್ಚಾಗಿ ಕಾಣಿಸಿಕೊಂಡದ್ದು ದಲಿತ ಕುಟುಂಬಗಳಲ್ಲಿ. ಕೀಟನಾಶಕ ಬಿದ್ದ ಗದ್ದೆಯ ಏಡಿ ತಿಂದು ಹೀಗಾಯಿತೆಂದು ಮೊದಲು ಶಂಕಿಸಿದ್ದರು. ವಂಶವಾಹಿಯಿಂದ ಬರುವ ಮೂಳೆಯ ದೋಷವಿದು ಎಂದು ಆಮೇಲಿನ ಅಧ್ಯಯನಗಳು ಹೇಳಿದವು. ಇಂಥ ಕಡೆ ಕುಂಟುವ ನಡಿಗೆಯನ್ನು ಚಿತ್ರೀಕರಿಸುವುದು ತೀರ ಸುಲಭ. ಮತ್ತೆ ಮತ್ತೆ ನಡೆಸಿ, ಹಿಂದಿನಿಂದ ಒಂದು, ಮುಂದಿನಿಂದ ಒಂದು ಶಾಟ್ ತೆಗೆಯುವವರೂ ಇದ್ದಾರೆ. ಕೀಲು ನೋಯುವವರನ್ನು ನಮ್ಮ ಚಿತ್ರಕ್ಕಾಗಿ ನಡೆಸಬಾರದು. ನಮ್ಮ ಕ್ಯಾಮೆರಾಮನ್‌ಗೆ ನಾನು ಹೇಳುವುದಿಷ್ಟೇ: "ಒಂದು ಸಲ ಸಾಕು ಮಾರಾಯ. ಈಗ ದಾರಿ ತೆಗಿ."

ದಾರಿ ಅಂದರೆ ಅವರ ಮನೆಯ ಬಾಗಿಲಿನಿಂದ ಆಸ್ಪತ್ರೆಯ ಬಾಗಿಲಿನ ತನಕ ಇರುವುದೆಲ್ಲ. ಅಂಗಳ, ಕಾಲುಸಂಕ, ಬಸ್ಸು ಬರುವ ತಿರುವು, ಹೊರರೋಗಿಗಳ ಸಾಲು. ವೈದ್ಯರ ಬೈಟ್ ಕಾಯಿಲೆ ಏನೆಂದು ತಿಳಿಸುತ್ತದೆ. ಅದೇ ಕಾಯಿಲೆ ಒಬ್ಬನನ್ನು ಆಸ್ಪತ್ರೆಗೆ ದಾಟಿಸಿ ಇನ್ನೊಬ್ಬನನ್ನು ಮನೆಯಲ್ಲೇ ಯಾಕೆ ಉಳಿಸುತ್ತದೆ ಎನ್ನುವುದಕ್ಕೆ ಈ ದಾರಿಯನ್ನೇ ತೋರಿಸಬೇಕು. ಒಂದೂವರೆ ನಿಮಿಷದ ಪ್ಯಾಕೇಜಿನಲ್ಲಿ ದಾರಿಗೆ ಹದಿನೈದು ಸೆಕೆಂಡ್ ಕೇಳಿದರೆ ಡೆಸ್ಕಿನವರು ತಲೆ ಆಡಿಸುತ್ತಾರೆ. ನಾನು ಹಟ ಬಿಡುವುದಿಲ್ಲ.

ಶರಾವತಿ ಹಿನ್ನೀರಿನಾಚೆಯ ತುಮರಿ ಸೀಮೆಗೆ ಹೋಗುವ ಲಾಂಚಿನ ಮೇಲೆ ನಿಂತಾಗ ಈ ಪಾಠ ನನ್ನೊಳಗೆ ಗಟ್ಟಿಯಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ನಾಡಿಗೆಲ್ಲ ದೀಪ ಹತ್ತಿತು. ಊರು ಮುಳುಗಿಸಿಕೊಂಡ ಜನಕ್ಕೆ ಸಾಗರದ ಆಸ್ಪತ್ರೆ ನೀರಿನ ಆಚೆಗಾಯಿತು. ಕೊನೆಯ ಲಾಂಚ್ ಹೋದ ಮೇಲೆ ಹೆರಿಗೆ ನೋವು ಬಂದರೇನು ಗತಿ ಎಂದು ಅಲ್ಲಿನ ಹೆಂಗಸರು ದಶಕಗಳ ಕಾಲ ಹೆದರಿದ್ದಾರೆ. ಅಲ್ಲಿ ವಾಯ್ಸ್ ಓವರ್ ಬೇಕೆನಿಸಲಿಲ್ಲ. ಎಂಜಿನ್ನಿನ ಸದ್ದು, ಎರಡೂ ದಡ ಸೇರಿದ ಒಂದೇ ಉದ್ದನೆಯ ಶಾಟ್ ಸಾಕಿತ್ತು. 2025ರ ಜುಲೈನಲ್ಲಿ ಅಲ್ಲಿ ಸೇತುವೆ ತೆರೆದ ದಿನ ನನಗಾದ ಸಂತೋಷ ವೃತ್ತಿಯದ್ದಷ್ಟೇ ಅಲ್ಲ.

ಪ್ರಶ್ನೆ ಕೇಳಿ ಸುಮ್ಮನಿರುವುದೂ ಈ ಕಸುಬಿನ ರುಚಿಗಳಲ್ಲೊಂದು. ಮಂಗನ ಕಾಯಿಲೆಯ ಸುದ್ದಿಗೆ ಹೋದಾಗ ಅದು ಸಿಕ್ಕಿತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ಕಾಯಿಲೆ ಈಗಲೂ ಬೇಸಿಗೆ ಬಂದರೆ ಮಲೆನಾಡನ್ನು ಬೆಚ್ಚಿಸುತ್ತದೆ. 2019ರಲ್ಲಿ ಸಾಗರದ ಅರಳಗೋಡಿನಲ್ಲಿ ಸಾವುಗಳಾದವು. ಉಣುಗು ಕಚ್ಚಿ ಬರುವ ಜ್ವರ ಇದು. ಕಾಡಿಗೆ ಹೋಗಬೇಡಿ ಎಂದು ಟಿವಿಯಲ್ಲಿ ನಾವೂ ಸಾರುತ್ತೇವೆ. ಹಾಗಿದ್ದೂ ಯಾಕೆ ಹೋಗ್ತೀರಮ್ಮ ಎಂದು ದರಗು, ಅಂದರೆ ಒಣಗಿದ ಎಲೆ, ಗುಡಿಸುವ ಹೆಂಗಸೊಬ್ಬರನ್ನು ಕೇಳಿದೆ. ಅವರು ಹೆಡಿಗೆ ಕೆಳಗಿಟ್ಟರು, ಸೆರಗಿನಿಂದ ಕತ್ತು ಒರೆಸಿಕೊಂಡರು, ದೂರ ನೋಡಿದರು. ಕ್ಯಾಮೆರಾ ಓಡುತ್ತಿತ್ತು. ಆಮೇಲೆ ಹೇಳಿದರು: "ತೋಟಕ್ಕೆ ದರಗು ಬೇಕು, ನಂಗೆ ಕೂಲಿ ಬೇಕು. ಉಣುಗು ಎಲ್ರಿಗೂ ಒಂದೇ ಅಂತೀರಿ. ಕಾಡಿಗೆ ಹೋಗೋರು ಎಲ್ರೂ ಅಲ್ವಲ್ಲ?"

ಸಾಂಕ್ರಾಮಿಕ ರೋಗಶಾಸ್ತ್ರದ ಪುಸ್ತಕ ಓದಿಕೊಂಡಿದ್ದ ನನಗೆ ಇದಕ್ಕಿಂತ ನಿಖರವಾದ ವಾಕ್ಯ ಸಿಕ್ಕಿರಲಿಲ್ಲ. ಎಡಿಟಿಂಗ್‌ನಲ್ಲಿ ಮಾತಿನ ಜೊತೆ ಅದರ ಹಿಂದಿನ ಮೌನವನ್ನೂ ಉಳಿಸಿಕೊಂಡೆ. ಸೆರಗು ಕತ್ತಿಗೆ ಹೋಗುವ ಆ ಹೊತ್ತನ್ನು ಕತ್ತರಿಸಿದ್ದರೆ ಉತ್ತರ ಬಾಯಿಪಾಠದಂತೆ ಕೇಳಿಸುತ್ತಿತ್ತು.

ಮುಖ ತೋರಿಸಬಾರದ ಸುದ್ದಿಗಳಲ್ಲಿ ಈ ಕಸುಬು ಇನ್ನೂ ಸೂಕ್ಷ್ಮ. ಎಚ್‌ಐವಿ ಇರುವವರ ಗುರುತನ್ನು ಕಾಪಾಡಲು 2017ರ ಕಾನೂನೇ ಇದೆ. ಮುಖ ಮಸುಕು ಮಾಡಿದರೆ ಕಾನೂನಿಗೆ ಸಾಲಬಹುದು, ಊರಿನವರ ಕಣ್ಣಿಗೆ ಸಾಲದು. ಬಳೆ, ಬಾಗಿಲ ಬಣ್ಣ, ದನಿ ಎಲ್ಲವೂ ಹೆಸರು ಹೇಳುತ್ತವೆ. ಅಂಥಲ್ಲಿ ಚೌಕಟ್ಟಿನಿಂದ ಏನೇನನ್ನು ಹೊರಗಿಡಬೇಕೆಂದು ಯೋಚಿಸುತ್ತಾ ಅರ್ಧ ದಿನ ಕಳೆದರೂ ನನಗೆ ಬೇಸರವಿಲ್ಲ.

ಈ ಸಲ ದೀಪಾವಳಿ ಮುಗಿದ ಕೂಡಲೇ ಮತ್ತೆ ಸಾಗರದ ಕಡೆ ಹೊರಡುವುದೆಂದು ಮಾತಾಗಿದೆ. ಮಂಗನ ಕಾಯಿಲೆಯ ಜ್ವರ ಶುರುವಾದ ಮೇಲೆ ಎಲ್ಲ ಚಾನೆಲ್ಲುಗಳೂ ಬರುತ್ತವೆ. ನಾವು ಅದಕ್ಕೆ ಮೊದಲೇ ಹೋಗಬೇಕು. ಉಣುಗು ಕಚ್ಚದಂತೆ ಮೈಗೆ ಹಚ್ಚುವ ಎಣ್ಣೆ ದರಗಿಗೆ ಹೋಗುವವರ ಕೈ ಸೇರಿದೆಯೇ, ರಕ್ತಪರೀಕ್ಷೆಯ ವರದಿ ಎಷ್ಟು ದಿನಕ್ಕೆ ಮನೆ ಮುಟ್ಟುತ್ತದೆ, ಹಾಸಿಗೆ ಹಿಡಿದ ದಿನಗಳ ಕೂಲಿ ಯಾರು ಕೊಡುತ್ತಾರೆ ಎಂದು ಒಂದೊಂದೇ ಮನೆಯ ಜಗಲಿಯಲ್ಲಿ ಕೂತು ಕೇಳಬೇಕು.