ದೇವರಿಗೆ ರೇಷನ್ ಕಾರ್ಡ್ ಗೊತ್ತಿಲ್ಲ

ಬೆಳಿಗ್ಗೆ ಈ ವರ್ಷದ ಮೊದಲ ಬಕ್ಕೆ ಹಲಸು ಇಳಿಸಿದೆವು. ಹಗ್ಗ ಕಟ್ಟಿ ಇಳಿಸಿದ್ದಕ್ಕೆ ಬಚಾವು, 18 ಕಿಲೋ ತೂಗಿತು. ಮನೆಯಲ್ಲಿರುವುದು ನಾವಿಬ್ಬರೇ. ಮರದಲ್ಲಿ ಬುಡದಿಂದ ಕೊಂಬೆಯವರೆಗೆ ಇನ್ನೂ 40 ಕಾಯಿ ಜೋತಾಡುತ್ತಿವೆ. ರೇಷನ್ ಕಾರ್ಡಿನಲ್ಲಿ ಎಷ್ಟು ಹೆಸರಿದೆ ಎಂದು ದೇವರು ನೋಡಿದ ಹಾಗಿಲ್ಲ.

ಹಪ್ಪಳ ಮಾಡೋಣವೆಂದು ಕೈಗೂ ಕತ್ತಿಗೂ ತೆಂಗಿನೆಣ್ಣೆ ಸವರಿ ಕೊಯ್ದೆ. ಎಷ್ಟು ಸಲ ಕೊಯ್ದರೂ ಒಳಗಿನ ಆ ಜೋಡಣೆ ನೋಡಿ ಕೈ ಒಂದು ಗಳಿಗೆ ನಿಲ್ಲುತ್ತದೆ. ಒಂದೊಂದು ತೊಳೆಯೂ ಒಂದೊಂದು ಹೂವಿನದು. ಕಾಯಿ ಕಟ್ಟದೆ ಉಳಿದ ಹೂಗಳೇ ಸಾರೆ. ಸೋತವರನ್ನು ಹೊರಗೆ ಹಾಕದೆ, ಗೆದ್ದವರಿಗೆ ಮೆತ್ತೆ ಮಾಡಿಟ್ಟಿದ್ದಾನೆ!

ಹಪ್ಪಳಕ್ಕೆ ಕಾಯಿ ಬಲಿತಿರಬೇಕು, ಹಣ್ಣಾಗಿರಬಾರದು. ಇದು ಎಲ್ಲರಿಗೂ ಗೊತ್ತು. ಹಬೆಯಲ್ಲಿ ಬೆಂದ ತೊಳೆಯನ್ನು ಬಿಸಿಬಿಸಿ ಇರುವಾಗಲೇ ಒರಳಿಗೆ ಹಾಕಿ ಗುದ್ದಬೇಕು ಎಂಬುದು ಮಾತ್ರ ನಮ್ಮತ್ತಿಗೆಯ ತಲೆಗೆ ಹೋಗುವುದಿಲ್ಲ. ಅವರದು ಮಿಕ್ಸಿ. ಅದು ತಿರುಗಲಿಲ್ಲ ಎಂದು ಒಂದು ಚಮಚ ನೀರು. ಆಮೇಲೆ ಇನ್ನೊಂದು. ಹಿಟ್ಟು ಮಣೆಗೆ ಅಂಟುತ್ತದೆ, ಒಣಗುವುದಿಲ್ಲ, ಕರಿದರೆ ಅರಳುವುದಿಲ್ಲ. "ನಿಂಗೆ ಒರಳಿನ ಹುಚ್ಚು ಮಾರಾಯ್ತಿ" ಎಂದು ನನಗೇ ಹೇಳುತ್ತಾರೆ. ಸಾಲದ್ದಕ್ಕೆ ಬೆಳ್ಳುಳ್ಳಿ! ಉಪ್ಪು, ಮೆಣಸು, ಜೀರಿಗೆ ಸಾಕು. ಹಲಸಿನ ಘಮಕ್ಕೆ ಬೆಳ್ಳುಳ್ಳಿಯ ಶಿಫಾರಸು ಬೇಕೆ?

ಹೋಗಲಿ, ಅತ್ತಿಗೆ ಹಪ್ಪಳವನ್ನಾದರೂ ಮಾಡುತ್ತಾರೆ. ಪಕ್ಕದ ಬೀದಿಯಲ್ಲಿ ಮೊನ್ನೆ, ಕಾರಿನ ಮೇಲೆ ಹಣ್ಣು ಬೀಳುತ್ತದೆಂದು ಮರವನ್ನೇ ಕಡಿಸಿದರು. ಕಾರನ್ನು ಆಚೆ ನಿಲ್ಲಿಸಲು ಎಷ್ಟು ಹೊತ್ತು ಬೇಕಿತ್ತು? ಕೇರಳದವರು 2018ರಲ್ಲೇ ಹಲಸನ್ನು ರಾಜ್ಯದ ಹಣ್ಣೆಂದು ಸಾರಿದರು. ನಾವು ಗರಗಸ ತರಿಸುತ್ತೇವೆ.

ಚಿಕ್ಕ ಸಂಸಾರಕ್ಕೆ ಚಿಕ್ಕ ಹಣ್ಣು ಸಾಕು ಎನ್ನುವವರೂ ಇದ್ದಾರೆ. ತುಮಕೂರು ಕಡೆಯ ಚೇಳೂರಿನ ಸಿದ್ದು ಹಲಸು ಸುಮಾರು 2.5 ಕಿಲೋ, ತೊಳೆ ತಾಮ್ರದ ಕೆಂಪು. ತಿಂದಿದ್ದೇನೆ, ರುಚಿಗೆ ಎದುರಾಡುವುದಿಲ್ಲ. ಆದರೆ ಅದನ್ನು ಬಾಗಿಲು ಹಾಕಿಕೊಂಡು ತಿಂದು ಮುಗಿಸಬಹುದು. 18 ಕಿಲೋದ ಬಕ್ಕೆ ಕೊಯ್ದವರು ಬೇಲಿಯಾಚೆಗೆ ಕೂಗು ಹಾಕಲೇಬೇಕು.

ಕೂಗಿದೆ. ಆಚೆಮನೆ ಮಕ್ಕಳು ಬಂದರು, ರೆಚ್ಚೆ ಅವರ ದನಕ್ಕೆ ಹೋಯಿತು. 100 ಉಂಡೆ ಕಟ್ಟಿಟ್ಟು ಬಾಳೆಲೆ ತರಲು ಹಿತ್ತಲಿಗೆ ಹೋಗಿಬಂದೆ. ಎಣಿಸಿದರೆ 83. ಹಸಿ ಹಿಟ್ಟಿಗೆ ತೆಂಗಿನೆಣ್ಣೆ ಹಾಕಿಕೊಂಡು ತಿನ್ನುವ ಚಟ ಮಕ್ಕಳಿಗೆ ಇದ್ದದ್ದೇ, ಗದರಲು ಹೊರಟೆ. ಮೂಲೆಯ ಕುರ್ಚಿಯಲ್ಲಿ ಪೇಪರು ಹಿಡಿದು ಕೂತಿದ್ದ ನಮ್ಮನೆಯವರ ತುಟಿಯೂ ಎಣ್ಣೆಯಲ್ಲಿ ಮಿರಮಿರ ಮಿಂಚುತ್ತಿತ್ತು.