ಬೆನ್ನಿಗೆ ಬಿದ್ದ ಏಟು

ಅತ್ತೆಯವರನ್ನು ಕಾರವಾರದ ವೃದ್ಧಾಶ್ರಮಕ್ಕೆ ಸೇರಿಸಿದಾಗ ಅಂಕೋಲೆಯ ನಮ್ಮ ಕೇರಿಯಲ್ಲಿ ಯಾರೂ ಎದುರಿಗೆ ಏನೂ ಅನ್ನಲಿಲ್ಲ. ಹಿಂದಿನಿಂದ ಅಂದದ್ದೆಲ್ಲ ನನ್ನ ಕಿವಿಗೆ ಬಿದ್ದಿತ್ತು. ಅದನ್ನು ತೊಳೆದುಕೊಳ್ಳಲೆಂದೋ ಏನೋ, ಪ್ರತಿ ರವಿವಾರ ಚೀಲ ತುಂಬಿಕೊಂಡು ಬಸ್ಸು ಹತ್ತುತ್ತಿದ್ದೆ.

ಮೇ ತಿಂಗಳಲ್ಲಿ ಒಯ್ದದ್ದು ಕರಿ ಇಶಾಡ. ನಮ್ಮ ಅಂಕೋಲೆಯ ಈ ಮಾವಿಗೆ 2023ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಅತ್ತೆಯ ಮಾನ್ಯತೆ ಅದಕ್ಕೂ ಎಷ್ಟೋ ಮೊದಲಿನದು. ಹಲ್ಲಿಲ್ಲದವರೆಂಬುದನ್ನೂ ಮರೆತು ದೊಡ್ಡ ಹೋಳನ್ನೇ ಕೈಗಿಟ್ಟೆ. ಮಾತಾಡುತ್ತ ಬಾಯಿಗೆ ಹಾಕಿಕೊಂಡವರು ತಟ್ಟನೆ ಸುಮ್ಮನಾದರು. ಕೆಮ್ಮಿಲ್ಲ, ಸದ್ದಿಲ್ಲ. ಕೈ ಕುತ್ತಿಗೆಗೆ ಹೋಯಿತು, ತುಟಿ ಕಪ್ಪಾಯಿತು. ನಾನು ನೀರಿನ ಲೋಟ ಬಾಯಿಗೆ ಹಿಡಿದೆ. ಓಡಿ ಬಂದ ಆಯಾ ಲೋಟವನ್ನು ತಳ್ಳಿ, ಅವರನ್ನು ಮುಂದಕ್ಕೆ ಬಗ್ಗಿಸಿ, ಬೆನ್ನಿಗೆ ಬಡಿದೇ ಬಡಿದಳು. ನಾಲ್ಕನೆಯ ಏಟಿಗೆ ಹೋಳು ನೆಲಕ್ಕೆ ಬಿತ್ತು.

ನಾನು ಅಂದದ್ದೇನು ಗೊತ್ತೆ? "ಮುದುಕರಿಗೆ ಹೀಗೆ ಹೊಡೀತಾರೇನೇ?"

ಅವಳು ಏನೂ ಹೇಳದೆ ನೆಲ ಒರೆಸಿದಳು.

ಮಳೆಗೆ ಮೊದಲು ಅಲ್ಲಿ ಆಯಾಗಳಿಗೆ ಒಂದು ದಿನದ ತರಬೇತಿ ಇತ್ತು. ಮನೆಯವರೂ ಬರಬಹುದೆಂದರು. ಕಲಿಸಿದವರೊಬ್ಬರು ನರ್ಸ್, ಎಲ್ಲರೂ ಅವರನ್ನು ಅಕ್ಕೋರೆ ಎಂದೇ ಕರೆದರು. "108ಕ್ಕೆ ಫೋನ್ ಮಾಡಿ. ಆದರೆ ಉಸಿರು ನಿಂತರೆ ಮಿದುಳು ನಾಲ್ಕೈದು ನಿಮಿಷಕ್ಕಿಂತ ಹೆಚ್ಚು ತಾಳುವುದಿಲ್ಲ" ಎಂದರು. ನಮಗೆ ಬಿಡಿಸಿ ಹೇಳಬೇಕಿರಲಿಲ್ಲ. ದೊಡ್ಡ ಕಾಯಿಲೆಗೆ ಮಣಿಪಾಲಕ್ಕೋ ಗೋವೆಗೋ ಓಡುವ ಜಿಲ್ಲೆ ನಮ್ಮದು. 2024ರ ಜುಲೈ 16ರಂದು ಶಿರೂರಿನ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಆ ಕಡೆಯ ದಾರಿ ಮುಚ್ಚಿತ್ತು. ಆಗಸ್ಟ್ 7ರಂದು ಕಾಳಿ ನದಿಯ ಹಳೆಯ ಸೇತುವೆ ಮುರಿದು ಬಿದ್ದಿತ್ತು.

ಬೆಂಕಿ ಬಿದ್ದರೆ ಹಾಸಿಗೆ ಹಿಡಿದವರನ್ನು ಚಾದರದ ಮೇಲೆ ಎಳೆದೊಯ್ಯುವುದನ್ನು ತೋರಿಸಲು ರೋಗಿ ಬೇಕಾಯಿತು. ಎಪ್ಪತ್ತೆರಡು ಕೇಜಿಯ ನಾನೇ ಮಲಗಿದೆ. ಇಬ್ಬರು ಸಣಕಲು ಹುಡುಗಿಯರು ಬಾಗಿಲವರೆಗೆ ಸರ್ರನೆ ಎಳೆದುಬಿಟ್ಟರು. ನಕ್ಕು ಸಾಕಾಯಿತು.

ಆಮೇಲೆ ಗಂಟಲಿನ ಪಾಠ. ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ದನಿಯೇ ಹೊರಡದಿದ್ದರೆ ಮುಂದಕ್ಕೆ ಬಗ್ಗಿಸಿ, ಎರಡು ಹೆಗಲಿನ ಎಲುಬುಗಳ ನಡುವೆ ಅಂಗೈಯ ಬುಡದಿಂದ ಐದು ಏಟು, ಜೋರಾಗಿ. ಆಗಲೂ ಹೋಗದಿದ್ದರೆ ಹಿಂದೆ ನಿಂತು, ಹೊಕ್ಕುಳಿನ ಮೇಲ್ಗಡೆ ಮುಷ್ಟಿಯಿಟ್ಟು, ಒಳಕ್ಕೂ ಮೇಲಕ್ಕೂ ಐದು ಸಲ ಒತ್ತಿ. "ನೀರು ಮಾತ್ರ ಕುಡಿಸಬೇಡಿ" ಎಂದು ಅಕ್ಕೋರು ಎರಡು ಸಲ ಹೇಳಿದರು. ಆಯಾ ನನ್ನ ಕಡೆ ನೋಡಲಿಲ್ಲ. ನೋಡಿದ್ದರೇ ಚೆನ್ನಾಗಿತ್ತು.

ಚಹಾದ ಹೊತ್ತಿಗೆ ಹತ್ತಿರ ಹೋದೆ. "ತಂಗೀ, ಅವತ್ತು ನಾನು ಹಾಗೆ ಅನ್ನಬಾರದಿತ್ತು."

"ಅಡ್ಡಿಲ್ಲ ಬಿಡಿ ಅಕ್ಕಾ. ಅವತ್ತು ನನ್ನ ಕೈಯೂ ನಡುಗ್ತಿತ್ತು" ಎಂದಳು. "ಹಣ್ಣು ತರೋದು ಬಿಡಬೇಡಿ. ಅಮ್ಮ ದಿನಾ ಕೇಳ್ತಾರೆ."

ಮುಂದಿನ ರವಿವಾರ ಸೀಕರಣೆ ಮಾಡಿ ಒಯ್ದೆ. ಅತ್ತೆಯನ್ನು ನೆಟ್ಟಗೆ ಕೂರಿಸಿ ಸಣ್ಣ ಚಮಚೆಯಲ್ಲಿ ಕೊಟ್ಟೆ. "ಇದೇನೇ, ಮಗುವಿಗೆ ಉಣಿಸಿದ ಹಾಗೆ" ಎಂದು ಗೊಣಗಿದರು. ನುಂಗುವವರೆಗೂ ಅವರ ಗಂಟಲನ್ನೇ ನೋಡುತ್ತಿದ್ದೆ.