ಬೀದಿ ತುಂಬಿದರೆ ಸಾಕೇ?

ಇರಾನಿನ ಸುಧಾರಣಾವಾದಿಗಳಿಗೆ ಜನಬೆಂಬಲದ ಕೊರತೆ ಇರಲಿಲ್ಲ. 1997ರಲ್ಲಿ ಅವರಲ್ಲೊಬ್ಬರಾದ ಖಾತಮಿ ಶೇ. 70ರ ಆಸುಪಾಸು ಮತ ಪಡೆದು ಅಧ್ಯಕ್ಷರಾದರು. ಆದರೆ ಸಂಸತ್ತು ಒಪ್ಪಿದ ಮಸೂದೆಯನ್ನು ತಡೆಯಲು, ಚುನಾವಣೆಗೆ ಯಾರು ನಿಲ್ಲಬೇಕೆಂದು ತೀರ್ಮಾನಿಸಲು 12 ಜನರ ಗಾರ್ಡಿಯನ್ ಕೌನ್ಸಿಲ್ ಕೂತಿತ್ತು. ಅದರ ಆರು ಧರ್ಮಪಂಡಿತರನ್ನು ನೇಮಿಸುವುದು ಸರ್ವೋಚ್ಚ ನಾಯಕರೇ. 2009ರಲ್ಲಿ ಅಧ್ಯಕ್ಷೀಯ ಚುನಾವಣೆಯ ಫಲಿತಾಂಶ ಒಪ್ಪದ ಲಕ್ಷಾಂತರ ಜನ ಹಸಿರು ಪಟ್ಟಿ ಕಟ್ಟಿಕೊಂಡು ಟೆಹರಾನಿನ ಬೀದಿಗಿಳಿದರು. ಎರಡು ವರ್ಷ ತುಂಬುವ ಮೊದಲೇ ಅವರ ನಾಯಕ ಮೂಸವಿ ಗೃಹಬಂಧನದಲ್ಲಿದ್ದರು.

ಹಾಗಾದರೆ 1979ರಲ್ಲಿ ದೊರೆ ಶಾ ಉರುಳಿದ್ದು ಹೇಗೆ? ಬರೀ ಮೆರವಣಿಗೆಗಳಿಂದಲ್ಲ. ಅದಕ್ಕೂ ಮುಂಚೆ ತೈಲ ಕಾರ್ಮಿಕರು ಕೆಲಸ ನಿಲ್ಲಿಸಿದ್ದರು, ಬಜಾರಿನ ಅಂಗಡಿಗಳು ಬಾಗಿಲು ಹಾಕಿದ್ದವು, ಸರ್ಕಾರಿ ನೌಕರರೂ ಮುಷ್ಕರ ಹೂಡಿದ್ದರು. ಕೊನೆಗೆ ಫೆಬ್ರವರಿ 11ರಂದು ಸೇನೆ ತಾನು ತಟಸ್ಥ ಎಂದಿತು. ಆ ಪಾಠವನ್ನು ಎಲ್ಲರಿಗಿಂತ ಚೆನ್ನಾಗಿ ಕಲಿತದ್ದು ಗೆದ್ದು ಬಂದ ಧರ್ಮಗುರುಗಳೇ. ಸೇನೆಯನ್ನೊಂದೇ ನಂಬದೆ ರೆವಲ್ಯೂಷನರಿ ಗಾರ್ಡ್ ಕಟ್ಟಿದರು. ಕ್ರಮೇಣ ಆ ಪಡೆಗೆ ಗುತ್ತಿಗೆ, ಕಂಪನಿಗಳಲ್ಲೂ ಪಾಲು ಸಿಕ್ಕಿತು. ಆಡಳಿತ ಬಿದ್ದರೆ ತಮ್ಮ ಅನ್ನವೂ ಹೋಗುತ್ತದೆ ಎಂದು ತಿಳಿದವರು ಸುಲಭಕ್ಕೆ ಬಂದೂಕು ಇಳಿಸುವುದಿಲ್ಲ.

2022ರಲ್ಲಿ ಶಿರವಸ್ತ್ರದ ನಿಯಮ ಮುರಿದ ಆರೋಪದಲ್ಲಿ ಬಂಧಿತಳಾದ ಯುವತಿ ಮಹ್ಸಾ ಅಮಿನಿ ಪೊಲೀಸರ ವಶದಲ್ಲಿ ಸತ್ತಾಗ ಶಿರವಸ್ತ್ರ ಸುಟ್ಟ ಹುಡುಗಿಯರ ಧೈರ್ಯ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಆದರೂ ಅಂಥ ಸುದ್ದಿ ಬಂದಾಗಲೆಲ್ಲ ನಾನು ಮೊದಲು ಹುಡುಕುವುದು ಒಂದನ್ನೇ: ತೈಲ ಕಾರ್ಮಿಕರು ಮುಷ್ಕರಕ್ಕೆ ಇಳಿದರೇ?